ಲೈಬ್ರರಿ ಪಿರಿಯಡ್‌ನಲ್ಲಿ ಮಕ್ಕಳಿಗೆ ಏನು ಮಾಡಿಸಬೇಕು?

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಈ ವರ್ಷ ಗ್ರಂಥಾಲಯದ ಜವಾಬ್ದಾರಿ ನನ್ನ ಪಾಲಿಗೆ ಬಂದಿದೆ. ಒಂದರಿಂದ ಐದನೇ ತರಗತಿವರೆಗೆ ಎಲ್ಲರಿಗೂ ವಾರಕ್ಕೊಂದು 40 ನಿಮಿಷದ ಲೈಬ್ರರಿ ಪಿರಿಯಡ್ ಇದೆ. ಪುಸ್ತಕಗಳಿಗೆ ಕೊರತೆಯಿಲ್ಲ. ಆದರೆ ಮಕ್ಕಳು ಒಂದನ್ನು ಎತ್ತಿ, ಚಿತ್ರ ನೋಡಿ, ಅಲ್ಲೇ ಬಿಟ್ಟು ಇನ್ನೊಂದಕ್ಕೆ ಕೈ ಹಾಕುತ್ತಾರೆ. ನಾಲ್ಕನೇ ತರಗತಿಯಲ್ಲೂ ಅಕ್ಷರ ಅಕ್ಷರ ಕೂಡಿಸಿ ಓದುವವರಿದ್ದಾರೆ. ಹೆಚ್ಚು ಪುಸ್ತಕ ಓದಿದವರಿಗೆ ಬಹುಮಾನ ಇಡಿ ಎಂದು ನಮ್ಮ ಮುಖ್ಯೋಪಾಧ್ಯಾಯರು ಹೇಳುತ್ತಿದ್ದಾರೆ. ಮನೆಗೆ ಪುಸ್ತಕ ಕೊಟ್ಟರೆ ಕಳೆದುಹೋದೀತು ಎಂಬ ಭಯವೂ ಇದೆ. ಎಂಥ ಚಟುವಟಿಕೆ ಮಾಡಿಸಿದರೆ ನಿಜವಾಗಿ ಪ್ರಯೋಜನ?

ಉತ್ತರ: ಚಟುವಟಿಕೆಗಳ ಪಟ್ಟಿ ಕೊಡುವುದು ಸುಲಭ. ನೂರು ಚಟುವಟಿಕೆ ನಿಮಗೆ ಎಲ್ಲಿ ಬೇಕಾದರೂ ಸಿಗುತ್ತವೆ. ಅವುಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಅಳೆಯಲು ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದು ಮುಗಿದ ಮೇಲೆ ಮಗು, ಯಾರೂ ಹೇಳದೆ, ಒಂದು ಪುಸ್ತಕವನ್ನು ಕೈಗೆತ್ತಿಕೊಳ್ಳುತ್ತದೆಯೇ? ಮುಖಪುಟದ ಚಿತ್ರ ಬರೆದು ಬಣ್ಣ ತುಂಬಿಸುವುದು, ಓದಿದ ಪ್ರತಿ ಕಥೆಗೂ ಸಾರಾಂಶ ಬರೆಸುವುದು, "ಈ ಕಥೆಯ ನೀತಿ ಏನು?" ಎಂದು ಕೇಳುವುದು, ಇವೆಲ್ಲ ಗೋಡೆಗೆ ಅಂಟಿಸಲು, ತಪಾಸಣೆಗೆ ಬಂದವರಿಗೆ ತೋರಿಸಲು ಚೆನ್ನ. ಆದರೆ 40 ನಿಮಿಷದಲ್ಲಿ 30 ನಿಮಿಷ ಬಣ್ಣದ ಪೆನ್ಸಿಲ್‌ಗೆ ಹೋದರೆ ಓದಿಗೆ ಉಳಿದದ್ದೆಷ್ಟು? ಪ್ರತಿ ಪುಸ್ತಕದ ಹಿಂದೆಯೂ ಒಂದು ಬರವಣಿಗೆಯ ಕೆಲಸ ಕಾದಿದೆ ಎಂದು ಗೊತ್ತಾದ ಮಗು ತೆಳು ಪುಸ್ತಕವನ್ನೇ ಹುಡುಕುತ್ತದೆ. ಅದು ಸೋಮಾರಿತನವಲ್ಲ, ಲೆಕ್ಕಾಚಾರ.

ಮೊದಲು ಬಹುಮಾನದ ವಿಷಯ ಮುಗಿಸಿಬಿಡೋಣ, ಏಕೆಂದರೆ ಒಮ್ಮೆ ಶುರುವಾದರೆ ನಿಲ್ಲಿಸುವುದು ಕಷ್ಟ. 1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ಶಿಶುವಿಹಾರದ ಮಕ್ಕಳ ಮೇಲೆ ನಡೆಸಿದ ಒಂದು ಪ್ರಯೋಗ ಇಂದಿಗೂ ಎಲ್ಲರ ಬಾಯಲ್ಲಿದೆ. ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬರೆಯುವುದೆಂದರೆ ಮೊದಲೇ ಇಷ್ಟಪಡುತ್ತಿದ್ದ ಮಕ್ಕಳನ್ನು ಅವರು ಆರಿಸಿಕೊಂಡರು. ಒಂದು ಗುಂಪಿಗೆ "ಚಿತ್ರ ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆ" ಎಂದು ಮೊದಲೇ ಹೇಳಿದರು. ಇನ್ನೊಂದು ಗುಂಪಿಗೆ ಹೇಳದೆ, ಕೊನೆಯಲ್ಲಿ ಅಚಾನಕ್ಕಾಗಿ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಕೆಲವು ದಿನಗಳ ನಂತರ ಪೆನ್ನುಗಳನ್ನು ಸುಮ್ಮನೆ ಮೇಜಿನ ಮೇಲಿಟ್ಟು ನೋಡಿದಾಗ, ಪ್ರಶಸ್ತಿಯ ಮಾತು ಕೇಳಿ ಚಿತ್ರ ಬರೆದಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಅವುಗಳ ಜೊತೆ ಕಳೆದರು. ಅಚಾನಕ್ಕಾಗಿ ಪಡೆದವರ ಆಸಕ್ತಿ ಕುಗ್ಗಿರಲಿಲ್ಲ.

ಶಾಲೆಯಲ್ಲಿ ಇದು ಹೇಗೆ ಕಾಣುತ್ತದೆಂದರೆ: "ತಿಂಗಳಿಗೆ 20 ಪುಸ್ತಕ ಓದಿದವರಿಗೆ ಬಹುಮಾನ" ಎಂದು ಘೋಷಿಸಿದ ವಾರವೇ ದಪ್ಪ ಪುಸ್ತಕಗಳು ಕಪಾಟಿನಲ್ಲಿ ಧೂಳು ಹಿಡಿಯತೊಡಗುತ್ತವೆ. ಚೆನ್ನಾಗಿ ಓದುವ ನಾಲ್ಕಾರು ಮಕ್ಕಳು ಹೇಗಿದ್ದರೂ ಗೆಲ್ಲುತ್ತಾರೆ. ನಿಮ್ಮ ಚಿಂತೆಗೆ ಕಾರಣರಾದ ಮಕ್ಕಳು ಎರಡನೇ ವಾರಕ್ಕೇ ಸ್ಪರ್ಧೆಯಿಂದ ಹೊರಗೆ. ಅವರಿಗೆ ಗ್ರಂಥಾಲಯ ಎಂದರೆ ತಾವು ಸೋಲುವ ಇನ್ನೊಂದು ಜಾಗ. ಮುಖ್ಯೋಪಾಧ್ಯಾಯರಿಗೆ ಬಹುಮಾನ ಕೊಡಲೇಬೇಕೆಂದಿದ್ದರೆ ಒಂದು ದಾರಿಯಿದೆ. ಬಾರ್ಬರಾ ಮರಿನಾಕ್ ಮತ್ತು ಲಿಂಡಾ ಗ್ಯಾಂಬ್ರೆಲ್ 2008ರಲ್ಲಿ ಮೂರನೇ ತರಗತಿಯ ಮಕ್ಕಳ ಮೇಲೆ ಪ್ರಕಟಿಸಿದ ಅಧ್ಯಯನದಲ್ಲಿ, ಓದಿದ್ದಕ್ಕೆ ಚಿಕ್ಕಪುಟ್ಟ ಆಟಿಕೆ ಪಡೆದ ಮಕ್ಕಳ ಓದುವ ಆಸೆ ತಗ್ಗಿತು. ಪುಸ್ತಕವನ್ನೇ ಪಡೆದವರದು ತಗ್ಗಲಿಲ್ಲ. ಆದ್ದರಿಂದ ಕೊಡುವುದಾದರೆ ಪುಸ್ತಕ ಕೊಡಿ, ಎಲ್ಲರಿಗೂ ಕೊಡಿ, ಮೊದಲೇ ಸಾರದೆ ಕೊಡಿ. ಅಥವಾ ಖರ್ಚೇ ಇಲ್ಲದ ಬಹುಮಾನ: ಮುಂದಿನ ವಾರ ಗಟ್ಟಿಯಾಗಿ ಓದುವ ಪುಸ್ತಕವನ್ನು ಆರಿಸುವ ಹಕ್ಕು, ಹೊಸ ಪುಸ್ತಕದ ಕಟ್ಟು ಬಿಚ್ಚುವ ಅವಕಾಶ. ಈ ಎರಡನೆಯದಕ್ಕೆ ಮಕ್ಕಳು ಮುಗಿಬೀಳುತ್ತಾರೆ.

ಇನ್ನು ನಿಮ್ಮ 40 ನಿಮಿಷ. ಇದರಲ್ಲಿ ಯಾವ ವಾರವೂ ತಪ್ಪಬಾರದ್ದು, ಐದನೇ ತರಗತಿಗೂ ತಪ್ಪಬಾರದ್ದು, ನೀವು ಗಟ್ಟಿಯಾಗಿ ಓದಿ ಹೇಳುವ ಹತ್ತು ಹನ್ನೆರಡು ನಿಮಿಷ. "ದೊಡ್ಡ ಮಕ್ಕಳಿಗೂ ಓದಿ ಹೇಳಬೇಕೆ, ತಾವೇ ಓದಿಕೊಳ್ಳಲಿ" ಎನ್ನುವವರು ಶಾಲೆಯಲ್ಲಿ ಇದ್ದೇ ಇರುತ್ತಾರೆ. ಪ್ರಾಥಮಿಕ ಹಂತದ ಮಗು ಕೇಳಿ ಅರ್ಥಮಾಡಿಕೊಳ್ಳುವ ಕಥೆ ಅದು ತಾನೇ ಓದಿ ಅರ್ಥಮಾಡಿಕೊಳ್ಳುವ ಕಥೆಗಿಂತ ಬಹಳ ಮುಂದಿರುತ್ತದೆ. ಒತ್ತಕ್ಷರಕ್ಕೆ ತಡವರಿಸುವ ಹುಡುಗನೂ ಮುನ್ನೂರು ಪುಟದ ಸಾಹಸಕಥೆಯನ್ನು ಕೇಳಿದರೆ ಒಂದೆಳೆಯೂ ಬಿಡದೆ ಹಿಡಿಯುತ್ತಾನೆ. ಅವನ ಕೈಗೆ ನಾವು ಕೊಡುವುದು ಮಾತ್ರ ಎರಡು ಸಾಲಿನ ಪುಸ್ತಕ, ಅದೂ ಅವನ ತಮ್ಮನ ವಯಸ್ಸಿನವರಿಗೆ ಬರೆದದ್ದು. ಅವನು ಅದನ್ನು ಮಗುಚಿ ಹಾಕದೆ ಇನ್ನೇನು ಮಾಡಿಯಾನು?

ಗಟ್ಟಿಯಾಗಿ ಓದಿ ಹೇಳುವುದಕ್ಕೆ ಇನ್ನೊಂದು ಕಾರಣವೂ ಇದೆ. ಪುಸ್ತಕದ ಭಾಷೆ ಮನೆಯ ಮಾತಿನಂತಿರುವುದಿಲ್ಲ. ಡೊನಾಲ್ಡ್ ಹೇಯ್ಸ್ ಮತ್ತು ಮಾರ್ಗರೆಟ್ ಆರೆನ್ಸ್ 1988ರಲ್ಲಿ ಇಂಗ್ಲಿಷ್ ಪಠ್ಯಗಳನ್ನೂ ಮಾತುಕತೆಗಳನ್ನೂ ಎಣಿಸಿ ನೋಡಿದಾಗ, ಪದವೀಧರರು ತಮ್ಮತಮ್ಮಲ್ಲಿ ಆಡುವ ಮಾತಿಗಿಂತ ಮಕ್ಕಳ ಪುಸ್ತಕದಲ್ಲೇ ಅಪರೂಪದ ಪದಗಳು ಹೆಚ್ಚಿದ್ದವು. ಕನ್ನಡದಲ್ಲಿ ಈ ಅಂತರ ಪದಗಳಿಗೆ ಮಾತ್ರ ನಿಲ್ಲುವುದಿಲ್ಲ. ಬರಹದ ಕ್ರಿಯಾಪದ, ವಾಕ್ಯದ ಕಟ್ಟು ಎಲ್ಲವೂ ಆಡುನುಡಿಯಿಂದ ದೂರ. ಆ ಬರಹದ ಲಯವನ್ನು ಕಿವಿಯಿಂದ ಮೊದಲು ಕೇಳಿದ ಮಗುವಿಗೆ, ಆಮೇಲೆ ಅದೇ ಹಾಳೆಯ ಮೇಲೆ ಎದುರಾದಾಗ ಅಪರಿಚಿತ ಅನಿಸುವುದಿಲ್ಲ.

ಓದುವ ರೀತಿಯ ಬಗ್ಗೆ ಎರಡು ಮಾತು. ಒಂದನೇ, ಎರಡನೇ ತರಗತಿಗೆ ಚಿತ್ರಪುಸ್ತಕ ಹಿಡಿದು ಓದುವಾಗ ನಡುನಡುವೆ ನಿಲ್ಲಿಸಿ ಮಕ್ಕಳನ್ನು ಮಾತಿಗೆಳೆಯಿರಿ. ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಎರಡು ಮೂರು ವರ್ಷದ ಮಕ್ಕಳ ತಾಯಂದಿರಿಗೆ ಒಂದು ತಿಂಗಳು ಇಂಥ ಓದನ್ನು ಅಭ್ಯಾಸ ಮಾಡಿಸಿ ನೋಡಿದ್ದರು: ಹೌದು–ಅಲ್ಲ ಎಂಬ ಉತ್ತರದ ಪ್ರಶ್ನೆ ಬೇಡ, "ಈಗೇನಾಗುತ್ತಿದೆ?", "ಅವಳು ಯಾಕೆ ಅಡಗಿಕೊಂಡಳು?" ಎಂಬಂಥವು ಇರಲಿ, ಮಗು ಹೇಳಿದ್ದನ್ನು ತುಸು ಬೆಳೆಸಿ ಮರಳಿ ಹೇಳಿ. ಮಗು "ನಾಯಿ ಓಡ್ತು" ಎಂದರೆ ನೀವು "ಹೌದು, ಕಪ್ಪು ನಾಯಿ ಹೆದರಿ ಓಡಿತು" ಎನ್ನಬೇಕು. ಹೀಗೆ ಓದಿಸಿಕೊಂಡ ಮಕ್ಕಳ ಮಾತು ಉಳಿದವರಿಗಿಂತ ಚೆನ್ನಾಗಿ ಬೆಳೆಯಿತು. ಮೂರರಿಂದ ಮೇಲಿನ ತರಗತಿಗೆ ಇದರ ತದ್ವಿರುದ್ಧ. ಕಡಿಮೆ ನಿಲ್ಲಿಸಿ, ಹೆಚ್ಚು ಓದಿ. ಧಾರಾವಾಹಿಯಂತೆ ವಾರಕ್ಕೊಂದು ಅಧ್ಯಾಯ. ಅತ್ಯಂತ ಕುತೂಹಲದ ಜಾಗದಲ್ಲಿ ಪುಸ್ತಕ ಮುಚ್ಚಿಬಿಡಿ. ಮುಂದೇನಾಯಿತೆಂದು ತಿಳಿಯಲು ವಾರದ ನಡುವೆ ಯಾರಾದರೂ ಬಂದು ಆ ಪುಸ್ತಕ ಕೇಳಿದರೆ, ಅದನ್ನು ಕೊಟ್ಟು ಕಳಿಸಿ. "ಮುಂದಿನ ವಾರ ನಾನೇ ಓದ್ತೀನಿ, ಕಾದಿರು" ಎನ್ನಬೇಡಿ!

ನೀವು ಬರೆದ ದೊಡ್ಡ ಸಮಸ್ಯೆ ಮಕ್ಕಳು ಒಂದರಿಂದ ಇನ್ನೊಂದಕ್ಕೆ ಹಾರುವುದು. ಅದು ಆಯ್ಕೆಯ ಸಮಸ್ಯೆ. ಸಾವಿರ ಪುಸ್ತಕದ ಬೆನ್ನುಗಳು ಸಾಲಾಗಿ ನಿಂತಿರುವಾಗ ಏಳು ವರ್ಷದ ಮಗುವಿಗೆ ಅಲ್ಲೇನೂ ಕಾಣುವುದಿಲ್ಲ. ಕೈಗೆ ಸಿಕ್ಕಿದ್ದನ್ನು ಎಳೆಯುತ್ತದೆ, ಹಿಡಿಸದಿದ್ದರೆ ಬಿಡುತ್ತದೆ. ಮುಖಪುಟ ಕಾಣುವಂತೆ ಪುಸ್ತಕ ಇಡಿ. ಕಪಾಟು ಸಾಲದಿದ್ದರೆ ಗೋಡೆಗೆ ಅಡ್ಡ ದಾರ ಕಟ್ಟಿ ತೆಳು ಪುಸ್ತಕಗಳನ್ನು ನಡುಪುಟದಲ್ಲಿ ತೆರೆದು ನೇತುಹಾಕಿದರೂ ಆಯಿತು. ಒಂದು ವಾರಕ್ಕೆ ಮೂವತ್ತು ನಲವತ್ತು ಪುಸ್ತಕ ಹೊರಗಿದ್ದರೆ ಸಾಕು, ಮುಂದಿನ ವಾರ ಬದಲಿಸಿ. ಬಣ್ಣ ಮಾಸಿದ, ಹಾಳೆ ಪುಡಿಯಾಗುತ್ತಿರುವ, ಯಾವುದೋ ಕಾಲದಲ್ಲಿ ಯಾರೋ ದಾನ ಕೊಟ್ಟ ದೊಡ್ಡವರ ಪುಸ್ತಕಗಳನ್ನು ಕಪಾಟಿನಿಂದ ತೆಗೆಯಲು ಮನಸ್ಸು ಗಟ್ಟಿ ಮಾಡಿಕೊಳ್ಳಿ. ಪುಸ್ತಕದ ಸಂಖ್ಯೆ ಕಡಿಮೆಯಾದಷ್ಟೂ ಎರವಲು ಹೆಚ್ಚಾಗುವ ಸೋಜಿಗ ಮಕ್ಕಳ ಗ್ರಂಥಾಲಯದಲ್ಲಿ ಆಗಾಗ ನಡೆಯುತ್ತದೆ. ಅಡ್ಡ ಬಂದ ರದ್ದಿ ಸರಿದರೆ ಒಳ್ಳೆಯದು ಕಣ್ಣಿಗೆ ಬೀಳುತ್ತದೆ, ಅಷ್ಟೆ.

ವಿಂಗಡಣೆಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 1876ರಲ್ಲಿ ಮೆಲ್ವಿಲ್ ಡ್ಯೂಯಿ ರೂಪಿಸಿದ, ವಿಷಯಕ್ಕೊಂದು ಸಂಖ್ಯೆ ಕೊಡುವ ದಶಮಾಂಶ ವರ್ಗೀಕರಣ ದೊಡ್ಡ ಗ್ರಂಥಾಲಯಗಳಿಗೆ ಬೇಕೇ ಬೇಕು. ನಿಮಗೆ ಬೆನ್ನಿನ ಮೇಲೆ ಬಣ್ಣದ ಪಟ್ಟಿ ಸಾಕು: ಪ್ರಾಣಿಪಕ್ಷಿಗೆ ಒಂದು, ಜನಪದ ಕಥೆಗೆ ಒಂದು, ಯಂತ್ರ–ವಾಹನಕ್ಕೆ ಒಂದು. ಐದನೇ ತರಗತಿಯವರಿಗೆ ಬೇಕಿದ್ದರೆ ಡ್ಯೂಯಿಯ ಹತ್ತು ವಿಭಾಗ ಪರಿಚಯಿಸಿ. 590ರಲ್ಲಿ ಪ್ರಾಣಿಗಳು, 520ರಲ್ಲಿ ಖಗೋಳ ಎಂದು ತಿಳಿದರೆ ಮುಂದೆ ದೊಡ್ಡ ಗ್ರಂಥಾಲಯಕ್ಕೆ ಹೋದಾಗ ತಡಕಾಡುವುದಿಲ್ಲ.

ಆಯ್ಕೆಗೆ ನೆರವಾಗುವ ಎರಡು ಚಟುವಟಿಕೆಗಳನ್ನು ನಾನು ಯಾವ ಶಾಲೆಗೂ ಸೂಚಿಸುತ್ತೇನೆ. ಮೊದಲನೆಯದು ಪುಸ್ತಕ ಪರಿಚಯ. ಪಿರಿಯಡ್ ಶುರುವಿನಲ್ಲಿ ನಾಲ್ಕು ಪುಸ್ತಕ ಕೈಯಲ್ಲಿ ಹಿಡಿದು, ಒಂದೊಂದರ ಬಗ್ಗೆ ಒಂದು ನಿಮಿಷ ಮಾತ್ರ ಮಾತಾಡಿ. ಕಥೆ ಹೇಳಬೇಡಿ. "ಈ ಹುಡುಗಿ ಶಾಲೆಗೆ ಬರುವ ದಾರಿಯಲ್ಲಿ ಒಂದು ಮೊಟ್ಟೆ ಸಿಕ್ಕಿತು. ಅದರೊಳಗಿಂದ ಬಂದದ್ದು ಹಕ್ಕಿಯಲ್ಲ" ಎಂದು ಹೇಳಿ ಪುಸ್ತಕವನ್ನು ಮೇಜಿನ ಮೇಲಿಡಿ. ಅಂದು ಎರವಲು ಹೋಗುವುದು ಹೆಚ್ಚಾಗಿ ಆ ನಾಲ್ಕೇ. ಕೆಲವು ವಾರಗಳ ನಂತರ ಈ ಕೆಲಸವನ್ನು ಮಕ್ಕಳಿಗೇ ಬಿಟ್ಟುಕೊಡಿ. ಗೆಳೆಯ ಹೇಳಿದ ಪುಸ್ತಕಕ್ಕಿರುವ ಮರ್ಯಾದೆ ಮೇಡಂ ಹೇಳಿದ್ದಕ್ಕೆ ಇರುವುದಿಲ್ಲ, ಇದನ್ನು ನಾವು ನಗುತ್ತಲೇ ಒಪ್ಪಿಕೊಳ್ಳಬೇಕು.

ಎರಡನೆಯದು ಪುಸ್ತಕ ಸುತ್ತು. ಮಕ್ಕಳನ್ನು ಆರು ಗುಂಪು ಮಾಡಿ, ಪ್ರತಿ ಗುಂಪಿನ ಮುಂದೆ ಬೇರೆ ಬೇರೆ ಬಗೆಯ ಐದಾರು ಪುಸ್ತಕ ಹರಡಿ. ಮೂರು ನಿಮಿಷ ನೋಡಲಿ, ಆಮೇಲೆ ಚಪ್ಪಾಳೆ ತಟ್ಟಿದಾಗ ಮುಂದಿನ ರಾಶಿಗೆ ಸರಿಯಲಿ. ಇಲ್ಲಿ ಹಾರಾಟಕ್ಕೆ ಅನುಮತಿಯಿದೆ, ಹಾರುವುದೇ ಆಟ. ಕೊನೆಯಲ್ಲಿ ಪ್ರತಿಯೊಬ್ಬರೂ ತಮಗೆ ಓದಬೇಕೆನಿಸಿದ ಎರಡು ಪುಸ್ತಕದ ಹೆಸರನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ಮುಂದಿನ ವಾರ ಬಂದಾಗ ಕಪಾಟಿನ ಮುಂದೆ ದಿಕ್ಕು ತೋಚದೆ ನಿಲ್ಲುವ ಪ್ರಮೇಯವೇ ಇಲ್ಲ.

ಪುಸ್ತಕ ಕಷ್ಟವೋ ಸುಲಭವೋ ನೋಡಲು ಐದು ಬೆರಳಿನ ಲೆಕ್ಕ ಎಂಬುದೊಂದಿದೆ: ಒಂದು ಪುಟ ಓದುತ್ತ ಗೊತ್ತಿಲ್ಲದ ಪದಕ್ಕೊಂದು ಬೆರಳು ಮಡಿಸು, ಐದೂ ಮಡಿಸಿದರೆ ಪುಸ್ತಕ ಸದ್ಯಕ್ಕೆ ಕಷ್ಟ. ಮಗು ತಾನೇ ತೂಗಿ ನೋಡಲು ಇದು ಒಳ್ಳೆಯ ಸಾಧನ. ಆದರೆ ಅದನ್ನೇ ಕಾನೂನು ಮಾಡಿ ಕೈಯಿಂದ ಪುಸ್ತಕ ಕಸಿಯಬೇಡಿ. ಡೈನೋಸಾರ್ ಹುಚ್ಚು ಹಿಡಿದ ಮಗು ಡೈನೋಸಾರ್ ಪುಸ್ತಕದಲ್ಲಿ ಹತ್ತು ಬೆರಳು ಮಡಿಸಿಯೂ ಮುಂದುವರಿಯುತ್ತದೆ. ಇದು ಬರೀ ಹಟವಲ್ಲ. 1988ರಲ್ಲಿ ಡೋನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ 64 ಮಕ್ಕಳಿಗೆ ಬೇಸ್‌ಬಾಲ್ ಪಂದ್ಯದ ಒಂದು ಬರಹ ಓದಿಸಿದ್ದರು. ಓದಿನಲ್ಲಿ ಹಿಂದಿದ್ದರೂ ಆಟ ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಅರಿಯದ ಮಕ್ಕಳಿಗಿಂತ ಅದನ್ನು ಚೆನ್ನಾಗಿ ಗ್ರಹಿಸಿದ್ದರು. ವಿಷಯ ಗೊತ್ತಿದ್ದರೆ ಅಕ್ಷರ ಅರ್ಧ ದಾರಿ ತಾನೇ ನಡೆಯುತ್ತದೆ. ಅದಕ್ಕೇ ನಿಮ್ಮ ಕಪಾಟಿನಲ್ಲಿ ಕಥೆಪುಸ್ತಕದಷ್ಟೇ ಮಾಹಿತಿ ಪುಸ್ತಕಗಳೂ ಇರಬೇಕು. ಕಥೆ ಎಂದರೆ ಆಕಳಿಸುವ, ಹಾವು–ರಾಕೆಟ್–ಎಂಜಿನ್ ಎಂದರೆ ಕಣ್ಣರಳಿಸುವ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಅವರನ್ನು ನಾವು "ಓದುವ ಆಸಕ್ತಿಯಿಲ್ಲದವರು" ಎಂದು ಬರೆದಿಡುತ್ತೇವೆ.

ಆಯ್ದ ಮೇಲೆ ಓದಲು ಹೊತ್ತು ಬೇಕು. ಅಲ್ಲೇ, ಆ ಪಿರಿಯಡ್‌ನಲ್ಲೇ, ಹದಿನೈದು ನಿಮಿಷ. ಎಲ್ಲರೂ ಸುಮ್ಮನೆ ಕೂತು ತಮ್ಮ ಪಾಡಿಗೆ ಓದುವ ಮೌನ ಓದಿನ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ. ಜಪಾನಿನಲ್ಲಿ 1988ರಲ್ಲಿ ಒಂದು ಪ್ರೌಢಶಾಲೆಯಲ್ಲಿ ಶುರುವಾದ ಬೆಳಗಿನ ಹತ್ತು ನಿಮಿಷದ ಓದು ದೇಶದ ಸಾವಿರಾರು ಶಾಲೆಗಳಿಗೆ ಹಬ್ಬಿತು. ಇತ್ತ ಅಮೆರಿಕದ ರಾಷ್ಟ್ರೀಯ ಓದು ಸಮಿತಿ 2000ದ ತನ್ನ ವರದಿಯಲ್ಲಿ, ಯಾರ ಮಾರ್ಗದರ್ಶನವೂ ಇಲ್ಲದ ಮೌನ ಓದಿನಿಂದ ಮಕ್ಕಳ ಓದು ಸುಧಾರಿಸುತ್ತದೆ ಎನ್ನಲು ಸಾಕಷ್ಟು ಪುರಾವೆಯಿಲ್ಲ ಎಂದಿತು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣುವುದು ಇದು: ಮೌನವಾಗಿ ಕೂರಿಸಿದ ಮಾತ್ರಕ್ಕೆ ಓದು ನಡೆಯುವುದಿಲ್ಲ. ಚೆನ್ನಾಗಿ ಓದುವ ಮಗು ಆ ಹದಿನೈದು ನಿಮಿಷದಲ್ಲಿ ಆರು ಪುಟ ಮುಗಿಸುತ್ತದೆ, ಓದಲಾರದ ಮಗು ಆರು ಸಲ ಪುಟ ತಿರುಗಿಸುತ್ತದೆ, ದೂರದಿಂದ ಇಬ್ಬರೂ ಒಂದೇ ತರ ಕಾಣುತ್ತಾರೆ. ನೀವು ಆಗ ರಿಜಿಸ್ಟರ್ ಬರೆಯುತ್ತ ಕೂರಬೇಡಿ. ಮೂರು ನಾಲ್ಕು ಮಕ್ಕಳ ಪಕ್ಕ ಒಬ್ಬೊಬ್ಬರಾಗಿ ಕುಳಿತು, ಮೆಲ್ಲಗೆ ಒಂದು ಪುಟ ಓದಿಸಿಕೊಳ್ಳಿ, "ಇಲ್ಲಿಯವರೆಗೆ ಏನಾಯಿತು?" ಎಂದು ಕೇಳಿ, ಮುಂದಕ್ಕೆ ಹೋಗಿ. ಒಂದೆರಡು ತಿಂಗಳಲ್ಲಿ ತರಗತಿಯ ಪ್ರತಿ ಮಗುವಿನ ಓದೂ ನಿಮ್ಮ ಕಿವಿಗೆ ಬಿದ್ದಿರುತ್ತದೆ. ಪಿಸುದನಿಯ ಓದಿಗೂ, ಇಬ್ಬರು ಸೇರಿ ಒಂದೇ ಪುಸ್ತಕ ಓದುವುದಕ್ಕೂ ಅಡ್ಡಿ ಮಾಡಬೇಡಿ. ಒಂದನೇ ತರಗತಿಯವರಿಗಂತೂ ಮೌನ ಓದು ಎಂಬುದೇ ಇಲ್ಲ, ತುಟಿ ಅಲುಗಾಡಲೇಬೇಕು.

ಈಗ ನಾಲ್ಕನೇ ತರಗತಿಯಲ್ಲಿ ತಡವರಿಸುವವರ ವಿಷಯ. ಒಂದನ್ನು ಮೊದಲೇ ಹೇಳಿಬಿಡುತ್ತೇನೆ: ಕಾಗುಣಿತ, ಒತ್ತಕ್ಷರ ಗಟ್ಟಿಯಾಗದ ಮಗುವಿಗೆ ಅದನ್ನು ಕ್ರಮವಾಗಿ ಕಲಿಸುವುದು ತರಗತಿಯ ಕೆಲಸ. ಪುಸ್ತಕದ ನಡುವೆ ಬಿಟ್ಟರೆ ತಾನಾಗಿ ಕಲಿತೀತು ಎಂದು ಕಾಯಬೇಡಿ, ತರಗತಿ ಶಿಕ್ಷಕರ ಜೊತೆ ಮಾತಾಡಿ. ಹಾಗೆಂದು ಲೈಬ್ರರಿ ಪಿರಿಯಡ್ಡನ್ನೂ ಕಾಗುಣಿತದ ಪಾಠವಾಗಿಸಿದರೆ ಆ ಮಗುವಿಗೆ ಓದಿನ ಸುಖ ಸಿಗುವ ಏಕೈಕ ಜಾಗವೂ ಹೋಗುತ್ತದೆ. ಗ್ರಂಥಾಲಯ ಕೊಡಬಹುದಾದದ್ದು ನಾಚಿಕೆಯಿಲ್ಲದೆ ಮತ್ತೆ ಮತ್ತೆ ಓದುವ ನೆಪ.

ಈ "ಮತ್ತೆ ಮತ್ತೆ" ಎಂಬುದರಲ್ಲಿ ಬಹಳ ಬಲವಿದೆ. ಜೇ ಸ್ಯಾಮುಯೆಲ್ಸ್ 1979ರಲ್ಲಿ ವಿವರಿಸಿದ ಪುನರಾವರ್ತಿತ ಓದು ತೀರ ಸರಳ: ಚಿಕ್ಕ ಭಾಗವೊಂದನ್ನು ಸರಾಗವಾಗುವ ತನಕ ಓದು, ಆಮೇಲೆ ಮುಂದಿನದಕ್ಕೆ ಹೋಗು. ಆದರೆ "ಇದನ್ನೇ ಇನ್ನೊಮ್ಮೆ ಓದು" ಎಂದರೆ ಯಾವ ಮಗು ಒಪ್ಪೀತು? ಅದಕ್ಕೆ ಕಾರಣ ಬೇಕು. ನನಗೆ ಗೊತ್ತಿರುವ ಅತ್ಯುತ್ತಮ ಕಾರಣ ಎರಡು.

ಒಂದು, ಓದು ನಾಟಕ. ವೇಷವಿಲ್ಲ, ರಂಗಸಜ್ಜಿಕೆಯಿಲ್ಲ, ಬಾಯಿಪಾಠವಿಲ್ಲ. ಸಂಭಾಷಣೆ ಹೆಚ್ಚಿರುವ ಕಥೆಯೊಂದನ್ನು ಪಾತ್ರಗಳಿಗೂ ನಿರೂಪಕರಿಗೂ ಹಂಚಿ, ಪ್ರತಿ ಕೈಯಲ್ಲೂ ಅದರ ಪ್ರತಿ ಇಟ್ಟು, ನಿಂತು ಓದುವುದು. ದನಿಯಲ್ಲೇ ಎಲ್ಲ. ಒಂದು ವಾರ ಪಾತ್ರ ಹಂಚಿಕೆ ಮತ್ತು ಮೊದಲ ಓದು, ನಡುವೆ ಅಭ್ಯಾಸ, ಮುಂದಿನ ವಾರ ಕಿರಿಯ ತರಗತಿಯ ಮುಂದೆ ಪ್ರದರ್ಶನ. ಪ್ರದರ್ಶನದ ಹೊತ್ತಿಗೆ ಪ್ರತಿ ಮಗುವೂ ತನ್ನ ಸಾಲುಗಳನ್ನು ಹತ್ತಾರು ಬಾರಿ ಓದಿರುತ್ತದೆ, ಓದುತ್ತಿದ್ದೇನೆ ಎಂಬ ಅರಿವೇ ಇಲ್ಲದೆ. ತಡವರಿಸುವ ಮಗುವಿಗೆ ಚಿಕ್ಕ, ಆದರೆ ಎಲ್ಲರೂ ನಗುವಂಥ ಪಾತ್ರ ಕೊಡಿ. "ಮರ ನಂಬರ್ ಎರಡು" ಕೊಡಬೇಡಿ.

ಇನ್ನೊಂದು, ಓದಿನ ಜೋಡಿ. ನಾಲ್ಕು–ಐದನೇ ತರಗತಿಯ ಮಗುವಿಗೆ ಒಂದನೇ ತರಗತಿಯ ಒಂದು ಮಗುವನ್ನು ಜೊತೆ ಮಾಡಿ, ಅದಕ್ಕೆ ಕಥೆ ಓದಿ ಹೇಳುವ ಜವಾಬ್ದಾರಿ ಕೊಡಿ. ಹಿರಿಯ ಮಗು ಹಿಂದಿನ ದಿನವೇ ಪುಸ್ತಕ ಒಯ್ದು ಅಭ್ಯಾಸ ಮಾಡಿ ಬರಬೇಕು. ಹತ್ತು ವರ್ಷದ ಹುಡುಗ ಎರಡು ಸಾಲಿನ ಚಿತ್ರಪುಸ್ತಕ ಹಿಡಿದರೆ ಗೆಳೆಯರು ನಗುತ್ತಾರೆ, ಆದರೆ ಪುಟ್ಟವಳಿಗೆ ಓದಿ ಹೇಳಲು ಹಿಡಿದರೆ ಅವನು ಅಣ್ಣ. ಪುಸ್ತಕ ಅದೇ, ಮಾನ ಉಳಿಯಿತು. ತಪ್ಪು ತಿದ್ದದ ಕೇಳುಗ ಸಿಕ್ಕರೆ ಮಕ್ಕಳ ದನಿ ತೆರೆದುಕೊಳ್ಳುತ್ತದೆ. 1999ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಮಕ್ಕಳು ತರಬೇತಾದ ನಾಯಿಗಳಿಗೆ ಕಥೆ ಓದಿ ಹೇಳುವ ಕಾರ್ಯಕ್ರಮವೇ ಆರಂಭವಾಗಿ, ಬೇರೆ ದೇಶಗಳಿಗೂ ಹಬ್ಬಿದೆ. ನಾಯಿಗೆ ಕಥೆ ಎಷ್ಟು ತಿಳಿಯಿತೋ ಬಿಡಿ, "ತಪ್ಪು" ಎಂದು ನಡುವೆ ಬಾಯಿ ಹಾಕುವುದಿಲ್ಲವಲ್ಲ!

ತೀರ ಕಷ್ಟಪಡುವವರ ಜೊತೆ ನೀವೇ ಕೂತು ಒಟ್ಟಿಗೆ ದನಿಗೂಡಿಸಿ ಓದಬಹುದು. ನಿಮ್ಮ ದನಿ, ಮಗುವಿನ ದನಿ ಜೊತೆಯಾಗಿ ಸಾಗುತ್ತವೆ. ತಾನೇ ಓದಬಲ್ಲೆ ಎನಿಸಿದಾಗ ಮಗು ನಿಮ್ಮ ಕೈ ತಟ್ಟುತ್ತದೆ, ನೀವು ಸುಮ್ಮನಾಗುತ್ತೀರಿ. ಎಡವಿದರೆ ನಾಲ್ಕೈದು ಸೆಕೆಂಡು ಕಾದು, ಪದವನ್ನು ಹೇಳಿಕೊಟ್ಟು, ಮತ್ತೆ ಜೊತೆಯಾಗುತ್ತೀರಿ. ಇದನ್ನು ಪೋಷಕರಿಗೂ ಹತ್ತು ನಿಮಿಷದಲ್ಲಿ ಕಲಿಸಬಹುದು. ಓದು ಬಾರದ ಪೋಷಕರಿದ್ದರೆ ಅವರ ಪಾಲಿಗೆ ಕೇಳುವ, ಹೇಳುವ ಕೆಲಸವಿದೆ: ಅಕ್ಷರವಿಲ್ಲದ ಚಿತ್ರಪುಸ್ತಕ ಮನೆಗೆ ಹೋದರೆ ಯಾರು ಬೇಕಾದರೂ ಅದರ ಕಥೆ ಹೇಳಬಹುದು.

ಐದನೇ ತರಗತಿಗೆ ಇನ್ನೂ ಎರಡು ಕೆಲಸ ಹೊಂದುತ್ತವೆ. ಆನ್‌ಮರೀ ಪಾಲಿನ್‌ಸ್ಕರ್ ಮತ್ತು ಆನ್ ಬ್ರೌನ್ 1984ರಲ್ಲಿ ತುಸು ದೊಡ್ಡ ಮಕ್ಕಳ ಮೇಲೆ ಪ್ರಯೋಗಿಸಿದ ಕ್ರಮವೊಂದಿದೆ. ನಾಲ್ಕು ಮಕ್ಕಳು ಒಂದು ಬರಹವನ್ನು ತುಣುಕು ತುಣುಕಾಗಿ ಓದುತ್ತಾರೆ. ಒಬ್ಬಳು ಪ್ರಶ್ನೆ ಕೇಳುತ್ತಾಳೆ, ಒಬ್ಬ ತಿಳಿಯದ ಜಾಗ ಬಿಡಿಸುತ್ತಾನೆ, ಒಬ್ಬಳು ಸಾರ ಹೇಳುತ್ತಾಳೆ, ಇನ್ನೊಬ್ಬ ಮುಂದೇನೆಂದು ಊಹಿಸುತ್ತಾನೆ. ಮುಂದಿನ ತುಣುಕಿಗೆ ಪಾತ್ರ ಬದಲು. ಮೊದಲ ಕೆಲವು ಸಲ ನೀವೇ ಮಾಡಿ ತೋರಿಸಬೇಕು, ಇಲ್ಲದಿದ್ದರೆ ಗದ್ದಲ ಮಾತ್ರ ಉಳಿಯುತ್ತದೆ.

ಎರಡನೆಯದು ಪ್ರಶ್ನೆ ಪೆಟ್ಟಿಗೆ. ಯಾರು ಏನು ಬೇಕಾದರೂ ಬರೆದು ಹಾಕಲಿ: ಇರುವೆ ನಿದ್ದೆ ಮಾಡುತ್ತದೆಯೇ, ಸಮುದ್ರ ಯಾಕೆ ಉಪ್ಪು, ಮೊದಲ ಸೈಕಲ್ ಹೇಗಿತ್ತು. ವಾರಕ್ಕೆ ಎರಡು ಚೀಟಿ ಎತ್ತಿ, ಉತ್ತರ ಹುಡುಕಲು ಗುಂಪುಗಳನ್ನು ಕಪಾಟಿಗೆ ಬಿಡಿ. ಪರಿವಿಡಿ ಎಂದರೇನು, ಕೊನೆಯ ಪುಟಗಳಲ್ಲಿ ಪದಸೂಚಿ ಯಾಕಿದೆ, ಅಕಾರಾದಿಯಲ್ಲಿ ಒಂದು ಪದವನ್ನು ಹಿಡಿಯುವುದು ಹೇಗೆ, ಇದೆಲ್ಲವನ್ನೂ ಪಾಠವಾಗಿ ಹೇಳಿದರೆ ಮರೆಯುತ್ತಾರೆ. ಇರುವೆಯ ನಿದ್ದೆಗಾಗಿ ಹುಡುಕುವಾಗ ಕಲಿತದ್ದು ಉಳಿಯುತ್ತದೆ. ಎರಡು ಪುಸ್ತಕ ಎರಡು ಉತ್ತರ ಕೊಟ್ಟರಂತೂ ಹಬ್ಬ. ಯಾವುದನ್ನು ನಂಬುವುದು, ಯಾವುದು ಹೊಸ ಮುದ್ರಣ, ಬರೆದವರು ಯಾರು ಎಂದು ಅವರೇ ಕೇಳತೊಡಗುತ್ತಾರೆ. ಪರದೆಯ ಮೇಲೆ ಸಿಕ್ಕಿದ್ದನ್ನೆಲ್ಲ ನಂಬದಿರುವ ಅಭ್ಯಾಸಕ್ಕೆ ಬೇರೆ ತರಗತಿ ಬೇಕಿಲ್ಲ.

ಇನ್ನು ನಿಮ್ಮ ಭಯದ ವಿಷಯ. ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಬರೆದಾಗ ಮೊಟ್ಟಮೊದಲಿಗೆ ಇಟ್ಟದ್ದು, ಪುಸ್ತಕಗಳಿರುವುದು ಬಳಕೆಗೆ ಎಂಬುದನ್ನು. ವಾರಕ್ಕೊಮ್ಮೆ ಹದಿನೈದು ನಿಮಿಷದ ಓದು ಯಾವ ಮಗುವನ್ನೂ ಓದುಗನನ್ನಾಗಿ ಮಾಡುವುದಿಲ್ಲ. ಉಳಿದ ಆರು ದಿನ ಪುಸ್ತಕ ಅದರ ಬಳಿ ಇರಬೇಕು. ಪುಸ್ತಕ ಕೈಗೆಟುಕುವಂತೆ ಇದ್ದರೆ ಏನಾಗುತ್ತದೆಂಬುದಕ್ಕೆ ಫಿಜಿ ದ್ವೀಪದ ಉದಾಹರಣೆ ಇದೆ. ವಾರ್ವಿಕ್ ಎಲ್ಲಿ ಮತ್ತು ಫ್ರಾನ್ಸಿಸ್ ಮಂಗುಭಾಯ್ ಅಲ್ಲಿನ ಹಳ್ಳಿ ಶಾಲೆಗಳ ನಾಲ್ಕು–ಐದನೇ ತರಗತಿಗಳಿಗೆ, ತರಗತಿಗೆ 250ರಂತೆ, ಮಕ್ಕಳು ಮೆಚ್ಚುವ ಇಂಗ್ಲಿಷ್ ಕಥೆಪುಸ್ತಕಗಳನ್ನು ಕೊಟ್ಟರು. ಇಂಗ್ಲಿಷ್ ಆ ಮಕ್ಕಳ ಮನೆಮಾತಲ್ಲ. 1983ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ಎಂಟು ತಿಂಗಳಲ್ಲಿ ಆ ಮಕ್ಕಳು ಓದಿ, ಕೇಳಿ ಅರ್ಥಮಾಡಿಕೊಳ್ಳುವುದರಲ್ಲಿ ಪಠ್ಯಪುಸ್ತಕವನ್ನೇ ನೆಚ್ಚಿದ್ದ ಮಕ್ಕಳ ಸುಮಾರು ಎರಡರಷ್ಟು ವೇಗದಲ್ಲಿ ಮುಂದುವರಿದಿದ್ದರು.

ಹಾಗಾಗಿ ಮನೆಗೆ ಕೊಡಿ. ಮುಖ್ಯೋಪಾಧ್ಯಾಯರ ಜೊತೆ ಕೂತು, ವರ್ಷಕ್ಕೆ ಇಷ್ಟು ಪುಸ್ತಕ ಬಳಕೆಯಲ್ಲಿ ಸವೆಯುತ್ತವೆ, ಕೆಲವು ಕಳೆಯುತ್ತವೆ ಎಂದು ಮೊದಲೇ ಒಪ್ಪಿಕೊಂಡು, ಅದನ್ನು ದಾಸ್ತಾನಿನಲ್ಲಿ ತೋರಿಸುವುದು ಹೇಗೆಂದು ಬರಹದಲ್ಲಿ ಮಾಡಿಟ್ಟುಕೊಳ್ಳಿ. ಹೊಣೆ ಯಾರದೆಂಬ ಪ್ರಶ್ನೆ ನಿಮ್ಮೊಬ್ಬರ ತಲೆಯ ಮೇಲೆ ಕೂತಿರುವವರೆಗೆ ಬೀರುವಿನ ಬೀಗ ತೆರೆಯುವುದಿಲ್ಲ. ದಂಡ ಹಾಕಬೇಡಿ. ದಂಡ ಕಟ್ಟಲಾಗದ ಮನೆಯ ಮಗು ಮತ್ತೆಂದೂ ಪುಸ್ತಕ ಒಯ್ಯುವುದಿಲ್ಲ, ಪುಸ್ತಕ ಎಲ್ಲರಿಗಿಂತ ಹೆಚ್ಚು ಬೇಕಾಗಿರುವುದು ಆ ಮಗುವಿಗೇ. ಹರಿದದ್ದಕ್ಕೆ ತಿಂಗಳಿಗೊಂದು ರಿಪೇರಿ ದಿನ ಇಡಿ, ಮಕ್ಕಳೇ ಅಂಟಿಸಲಿ. ಸಾಮಾನ್ಯ ಸೆಲ್ಲೋಟೇಪ್ ಕೆಲಕಾಲಕ್ಕೆ ಹಳದಿಯಾಗಿ ಕಿತ್ತು ಬರುತ್ತದೆ, ತೆಳು ಬಿಳಿ ಕಾಗದದ ಪಟ್ಟಿಯನ್ನು ಗೋಂದಿನಲ್ಲಿ ಅಂಟಿಸಿದ್ದು ಬಾಳುತ್ತದೆ.

ಕೊಟ್ಟು–ಪಡೆಯುವ ಕೆಲಸಕ್ಕೆ ಪಿರಿಯಡ್‌ನ ಹೊತ್ತು ತಿನ್ನಿಸಬೇಡಿ. ಬೆಳಗ್ಗೆ ಬಂದ ಕೂಡಲೇ ಹಳೆಯ ಪುಸ್ತಕ ಒಂದು ಪೆಟ್ಟಿಗೆಗೆ ಬೀಳಲಿ, ಸರದಿಯ ಮೇಲೆ ಇಬ್ಬರು ಮಕ್ಕಳು ರಿಜಿಸ್ಟರ್‌ನಲ್ಲಿ ಗುರುತು ಹಾಕಲಿ. ಈ ಕೆಲಸವನ್ನು ಚುರುಕಿನವರಿಗೇ ಕೊಡುವ ಚಾಳಿ ನಮ್ಮೆಲ್ಲರಿಗೂ ಇದೆ. ಓದಲು ಹಿಂಜರಿಯುವವರಿಗೆ ಕೊಟ್ಟು ನೋಡಿ. ದಿನಕ್ಕೆ ಮೂವತ್ತು ಪುಸ್ತಕದ ಹೆಸರು ಹುಡುಕಿ ಗುರುತು ಹಾಕುವುದೂ ಓದೇ.

ಯೋಜನೆ ಫಲಿಸುತ್ತಿದೆಯೇ ಎಂದು ತಿಳಿಯಲು ಅದೇ ರಿಜಿಸ್ಟರ್ ಸಾಕು. ಯಾರು ಎಷ್ಟು ಓದಿದರು ಎಂದು ಕೂಡಿಸಬೇಡಿ. ಕಳೆದ ತಿಂಗಳು ಒಂದೂ ಪುಸ್ತಕ ಒಯ್ಯದವರು ಯಾರು ಎಂದು ನೋಡಿ, ಮುಂದಿನ ವಾರ ಆ ಮಕ್ಕಳ ಪಕ್ಕ ಮೊದಲು ಕೂತುಕೊಳ್ಳಿ. ಮುಖ್ಯೋಪಾಧ್ಯಾಯರಿಗೆ ಅಂಕಿ ಬೇಕೆಂದರೆ ಈ "ಒಯ್ಯದವರ" ಸಂಖ್ಯೆ ತಿಂಗಳಿಂದ ತಿಂಗಳಿಗೆ ಇಳಿಯುವುದನ್ನೇ ತೋರಿಸಿ.

ಕಡೆಯದಾಗಿ ರಜೆ. ಹೆಚ್ಚಿನ ಶಾಲೆಗಳಲ್ಲಿ ದೊಡ್ಡ ರಜೆಗೆ ಮೊದಲು ಎಲ್ಲ ಪುಸ್ತಕ ವಾಪಸ್ ತರಿಸಿ, ಎಣಿಸಿ, ಬೀಗ ಹಾಕುತ್ತಾರೆ. ಮಕ್ಕಳಿಗೆ ಓದಲು ಪುರುಸೊತ್ತು ಸಿಗುವ ಹೊತ್ತಿಗೇ ಪುಸ್ತಕಗಳಿಗೆ ಸೆರೆವಾಸ. ರಿಚರ್ಡ್ ಆಲಿಂಗ್ಟನ್ ಮತ್ತು ಸಂಗಡಿಗರು ಫ್ಲಾರಿಡಾದ ಬಡ ಕುಟುಂಬಗಳ ಮಕ್ಕಳಿಗೆ ಸತತ ಮೂರು ಬೇಸಿಗೆ ರಜೆಗಳಲ್ಲಿ, ಅವರೇ ಆರಿಸಿಕೊಂಡ 12 ಪುಸ್ತಕಗಳನ್ನು ಪ್ರತಿ ರಜೆಗೂ ಕೊಟ್ಟು ನೋಡಿದ್ದರು. ಬೇರೆ ಪಾಠವಿಲ್ಲ, ಪರೀಕ್ಷೆಯಿಲ್ಲ. 2010ರಲ್ಲಿ ಹೊರಬಂದ ಫಲಿತಾಂಶದಲ್ಲಿ ಆ ಮಕ್ಕಳ ಓದು, ಪುಸ್ತಕ ಸಿಗದ ಮಕ್ಕಳಿಗಿಂತ ಮುಂದಿತ್ತು. ನಿಮ್ಮಲ್ಲಿ ಹನ್ನೆರಡು ಆಗದಿದ್ದರೆ ನಾಲ್ಕು ಕೊಡಿ. ಎಣಿಕೆಯನ್ನು ರಜೆ ಮುಗಿದ ಮೇಲೆ ಇಟ್ಟುಕೊಳ್ಳಿ. ಆಯ್ಕೆ ಮಾತ್ರ ಮಕ್ಕಳದೇ ಆಗಿರಲಿ, ಮತ್ತು ಸರದಿಯಲ್ಲಿ ಮೊದಲು ನಿಲ್ಲುವವರು ಮನೆಯಲ್ಲಿ ಒಂದೂ ಪುಸ್ತಕವಿಲ್ಲದ ಮಕ್ಕಳಾಗಿರಲಿ.